ಮುತ್ಯಾನ ಜರ್ನಲ್ಲಿನಲ್ಲಿ ಬಿಟ್ಟುಹೋದ ಹತ್ತು

(ಚಿಕ್ಕೋಡಿಯ ಕಾಲೇಜೊಂದರ ವಿಜ್ಞಾನ ಸಂಘದಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹ ರೂಪ)



ವಿಜ್ಞಾನ ಸಂಘದ ಕಾರ್ಯದರ್ಶಿಗಳು ನಮ್ಮ ಕಚೇರಿಗೆ ಬಂದು ಭಾಷಣ ಮಾಡಬೇಕೆಂದು ಕೇಳಿದಾಗ, ಅವರು ಬೇರೆ ಯಾರನ್ನೋ ಹುಡುಕಿಕೊಂಡು ನನ್ನ ಮೇಜಿಗೆ ಬಂದಿರಬೇಕು ಎಂದುಕೊಂಡೆ. ನಾನು ಪತ್ರಿಕೋದ್ಯಮದ ಡಿಪ್ಲೊಮಾ ಮುಗಿಸಿ ವರದಿಗಾರನಾದವನು. ತಾಲ್ಲೂಕು ಪಂಚಾಯಿತಿಯ ಸಭೆ, ಕಬ್ಬಿನ ಬಾಕಿ, ಕೃಷ್ಣೆಯ ಪ್ರವಾಹ, ಇವು ನನ್ನ ವಿಷಯಗಳು. ಕಾರ್ಯದರ್ಶಿಗಳು ನಕ್ಕು, ‘ಪ್ರವಾಹದ ಮೇಲೇ ಮಾತಾಡಿ, ಆದರೆ ವಿದ್ಯುತ್ ಪ್ರವಾಹದ ಮೇಲೆ’ ಎಂದರು. ನಮ್ಮ ಮನೆಯ ಅಟ್ಟದ ಮೇಲೆ ಸಿಕ್ಕ ಹಳೆಯ ಜರ್ನಲ್ಲಿನ ಸಂಗತಿಯನ್ನು ನಾನು ಯಾರಿಗೋ ಹೇಳಿದ್ದು ಅವರ ಕಿವಿಗೂ ಬಿದ್ದಿತ್ತು. ಆದ್ದರಿಂದ ಅಲ್ಲಿಂದಲೇ ಶುರು ಮಾಡುತ್ತೇನೆ.

ನಮ್ಮ ಊರು ನಿಪ್ಪಾಣಿಯ ಹತ್ತಿರ. ಮನೆಯ ಮಾಳಿಗೆ ಸೋರುತ್ತಿತ್ತೆಂದು ಅಟ್ಟದ ಸಾಮಾನು ಇಳಿಸುವಾಗ ತಗಡಿನ ಟ್ರಂಕೊಂದು ಸಿಕ್ಕಿತು. ಅದರಲ್ಲಿ ತಂಬಾಕಿನ ಪಟ್ಟಿಗಳು, ಒಂದು ಹರಿದ ಪಂಚಾಂಗ, ಮತ್ತು ನಮ್ಮ ಮುತ್ಯಾ 1962–63ರಲ್ಲಿ ಬಿ.ಎಸ್ಸಿ. ಓದುತ್ತಿದ್ದಾಗ ಬರೆದ ಭೌತಶಾಸ್ತ್ರದ ಪ್ರ್ಯಾಕ್ಟಿಕಲ್ ಜರ್ನಲ್ ಇದ್ದವು. ಮುತ್ಯಾ ಕಾಲೇಜಿಗೆ ಹೋಗಿದ್ದರೆಂಬುದೇ ನನಗೆ ಸರಿಯಾಗಿ ಗೊತ್ತಿರಲಿಲ್ಲ. ನಾನು ಕಂಡಂದಿನಿಂದ ಅವರು ವೇದಗಂಗೆಯ ದಂಡೆಯ ಹೊಲದಲ್ಲಿ ಮೋಟಾರು ರಿಪೇರಿ ಮಾಡುತ್ತ ಕುಳಿತ ರೈತರು. ಸುತ್ತಲ ನಾಲ್ಕು ಊರಿನ ಪಂಪುಗಳಿಗೆ ಅವರೇ ಡಾಕ್ಟರು.

ಜರ್ನಲ್ಲಿನ ಒಂದು ಪುಟದಲ್ಲಿ ಕೆಂಪು ಮಸಿಯ ದೊಡ್ಡ ಕಾಟು. ಪ್ರಯೋಗದ ಹೆಸರು ಟ್ಯಾಂಜೆಂಟ್ ಗ್ಯಾಲ್ವನೋಮೀಟರ್. ನಿಮ್ಮಲ್ಲಿ ಕೆಲವರು ಈ ಉಪಕರಣವನ್ನು ಕಪಾಟಿನಲ್ಲಾದರೂ ನೋಡಿರಬಹುದು. ನೆಟ್ಟಗೆ ನಿಂತ ದುಂಡನೆಯ ಸುರುಳಿ, ನಡುವೆ ಕಾಂತಸೂಜಿಯ ಡಬ್ಬಿ. ಸುರುಳಿಯಲ್ಲಿ ಕರೆಂಟು ಹರಿದಾಗ ಸೂಜಿ ಉತ್ತರ ಬಿಟ್ಟು ತಿರುಗುತ್ತದೆ. ಒಂದು ಕಡೆ ಭೂಮಿಯ ಕಾಂತಬಲ ಎಳೆಯುತ್ತದೆ, ಇನ್ನೊಂದು ಕಡೆ ಸುರುಳಿಯದು. ಸೂಜಿ ಎಷ್ಟು ಡಿಗ್ರಿ ವಾಲಿತು ಎಂಬುದರಿಂದ ಕರೆಂಟು ಎಷ್ಟೆಂದು ಲೆಕ್ಕ ಹಾಕಬೇಕು. ಮುತ್ಯಾ ಬರೆದದ್ದು ಇಷ್ಟು: ಸುರುಳಿಯ ತ್ರಿಜ್ಯ 8 ಸೆಂಟಿಮೀಟರು, ಸುತ್ತು 50, ಭೂಮಿಯ ಅಡ್ಡಬಲ 0.38, ಸೂಜಿ ವಾಲಿದ್ದು 45 ಡಿಗ್ರಿ. ಎಂಟನ್ನು 0.38ರಿಂದ ಗುಣಿಸಿ, 314ರಿಂದ ಭಾಗಿಸಿ, ಉತ್ತರ 0.0097 ಎಂದು ಅಡಿಗೆರೆ ಎಳೆದಿದ್ದಾರೆ. ಮುಂದೆ ಏನೂ ಇಲ್ಲ. ಕೆಂಪು ಮಸಿ ಅದರ ಮೇಲೆ ಕಾಟು ಹೊಡೆದು, ಪಕ್ಕದಲ್ಲಿ ‘×10?’ ಎಂದು ಕೇಳಿದೆ.

ಮುತ್ಯಾನನ್ನು ಕೇಳಿದೆ. ಅವರಿಗೆ ಈಗ ಎಂಬತ್ತು ದಾಟಿದೆ. ಆದರೆ ಆ ಪುಟ ಅವರಿಗೆ ನೆನಪಿತ್ತು.

‘ಹತ್ತರಿಂದ ಗುಣಸಬೇಕಂತ ಬುಕ್ಕಿನ್ಯಾಗ ಇತ್ತು ತಮ್ಮಾ. ಎಲ್ಲಾ ಅಳತಿ ನಾನ ತಗೊಂಡೀನಿ, ಸೂಜಿ ನಾನ ನೋಡೀನಿ, ಈ ಹತ್ತು ಎಲ್ಲಿಂದ ಬಂತು ಅಂತ ಕೇಳಿದೆ. ಫಾರ್ಮುಲಾ ಹಂಗೈತಿ, ಗುಣಸು ಅಂದ್ರು. ಯಾಕಂತ ತಿಳೀಲಾರದ್ದು ನನ್ನ ತಲ್ಯಾಗ ನಿಲ್ಲೂದಿಲ್ಲ. ಪರೀಕ್ಷಾದಾಗೂ ಅದ ಪ್ರಯೋಗ ಬಂತು. ಹತ್ತು ಮತ್ತ ಬಿಟ್ಟೆ.’

ಆ ವರ್ಷ ಅವರು ನಪಾಸಾದರು. ಹತ್ತು ಒಂದೇ ಕಾರಣವಲ್ಲ, ಮನೆಯಲ್ಲಿ ಆ ವರ್ಷ ತಂಬಾಕೂ ಕೈಕೊಟ್ಟಿತ್ತು. ಮತ್ತೆ ಕಾಲೇಜಿಗೆ ಹೋಗಲಿಲ್ಲ. ಅರವತ್ತು ವರ್ಷಗಳ ಹಿಂದಿನ ಈ ಪ್ರಶ್ನೆಗೆ ಉತ್ತರ ಹುಡುಕಿಕೊಡುವುದು ಮೊಮ್ಮಗನ ಕೆಲಸ ಎಂದು ನನಗೆ ಅನ್ನಿಸಿತು. ಹುಡುಕುತ್ತ ಹೋದಾಗ ಆ ಹತ್ತು ಲಂಡನ್ನು, ಪ್ಯಾರಿಸ್ಸು, ಕೆಂಪು ಸಮುದ್ರದ ತಳ ಎಲ್ಲ ಸುತ್ತಿಸಿತು. ಅದಕ್ಕೆ ಮೊದಲು ನಮ್ಮ ಊರಿನ ಸಂತೆಯನ್ನು ಒಮ್ಮೆ ದಾಟಿ ಹೋಗೋಣ, ಏಕೆಂದರೆ ಈ ಗೊಂದಲ ನಮಗೆ ಹೊಸದಲ್ಲ.

ಮಣಕ್ಕೆ ನಲವತ್ತು ಶೇರು. ಇದು ಎಲ್ಲ ಕಡೆ ಒಂದೇ. ಆದರೆ ಮಣ ಒಂದೇ ಅಲ್ಲ. ಬ್ರಿಟಿಷರ ಕಾಲದ ಮುಂಬಯಿ ಮಣ 28 ಪೌಂಡು. ಮದರಾಸಿನ ಮಣ 25 ಪೌಂಡು. ಬಂಗಾಳದ ಮಣವೋ 82 ಪೌಂಡಿಗೂ ತುಸು ಹೆಚ್ಚು. ಹೆಸರು ಒಂದೇ, ಒಳಗಿನ ಲೆಕ್ಕವೂ ಒಂದೇ, ತಕ್ಕಡಿಗೆ ಹಾಕಿದರೆ ಮೂರು ಪಟ್ಟು ವ್ಯತ್ಯಾಸ. ಚಿಕ್ಕೋಡಿ, ಅಥಣಿ ಮುಂಬಯಿ ಪ್ರಾಂತದಲ್ಲಿದ್ದವು, ರಾಯಬಾಗ ಕೊಲ್ಹಾಪುರ ಸಂಸ್ಥಾನದಲ್ಲಿತ್ತು. ಗಡಿಗಳ ನಡುವೆ ಬಾಳಿದ ನಮ್ಮವರಿಗೆ ‘ಯಾವ ಮಣ?’ ಎಂದು ಕೇಳುವ ಅಭ್ಯಾಸ ರಕ್ತದಲ್ಲೇ ಇತ್ತು. ಮುತ್ಯಾ ಕಾಲೇಜಿಗೆ ಹೋದ ಹೊತ್ತಿಗೆ ಊರಿನಲ್ಲಿ ಇನ್ನೊಂದು ಬದಲಾವಣೆ ನಡೆದಿತ್ತು. 1957ರ ಏಪ್ರಿಲ್ 1ರಂದು ಆಣೆ ಹೋಗಿ ನಯಾ ಪೈಸೆ ಬಂತು. 1958ರ ಅಕ್ಟೋಬರ್‌ನಿಂದ ಶೇರಿನ ಜಾಗಕ್ಕೆ ಕಿಲೋ ಬರತೊಡಗಿತು. ಒಂದು ಆಣೆಗೆ ಲೆಕ್ಕದ ಪ್ರಕಾರ ಆರೂಕಾಲು ಪೈಸೆ. ಕಾಲು ಪೈಸೆಯ ನಾಣ್ಯ ಇಲ್ಲವಲ್ಲ, ಆದ್ದರಿಂದ ಸರಕಾರದ ಕೋಷ್ಟಕದಲ್ಲಿ ಒಂದು ಆಣೆಗೆ 6, ಎರಡಕ್ಕೆ 12, ಮೂರಕ್ಕೆ 19, ನಾಲ್ಕಕ್ಕೆ 25. ಬಿಡಿಬಿಡಿಯಾಗಿ ನಾಲ್ಕು ಸಲ ಒಂದೊಂದು ಆಣೆ ತೆಗೆದುಕೊಂಡವನಿಗೆ ಒಂದು ಪೈಸೆ ಖೋತಾ. ಮಾನ ಬದಲಾಗುವಾಗ ಯಾರದೋ ಕಾಲು ಪೈಸೆ ಎಲ್ಲೋ ಬೀಳುತ್ತದೆ. ಕಬ್ಬಿನ ಗಾಡಿ ಕಾಟಾದ ಮೇಲೆ ನಿಂತಾಗ ನಮ್ಮ ರೈತರ ಮುಖ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ವಿದ್ಯುತ್ತಿಗೆ ಬರೋಣ. ವಿದ್ಯುತ್ತಿನ ಜಗತ್ತಿನಲ್ಲೂ ಒಂದು ಕಾಲಕ್ಕೆ ಎರಡು ಮಣ ಇದ್ದವು. ಕಾರಣ, ವಿದ್ಯುತ್ತು ಮನುಷ್ಯನ ಕೈಗೆ ಎರಡು ಬಾಗಿಲಿನಿಂದ ಬಂತು.

ಮೊದಲನೆಯದು ನಿಂತ ವಿದ್ಯುತ್ತು. ಒಣ ಕೂದಲಿಗೆ ಬಾಚಣಿಗೆ ಉಜ್ಜಿ ಕಾಗದದ ಚೂರು ಎತ್ತುವ ಆಟ ನಿಮಗೆಲ್ಲ ಗೊತ್ತು. ಎರಡು ಆವೇಶಗಳು ಒಂದನ್ನೊಂದು ಎಷ್ಟು ಬಲದಿಂದ ಸೆಳೆಯುತ್ತವೆ ಅಥವಾ ತಳ್ಳುತ್ತವೆ ಎಂಬುದನ್ನು ಫ್ರಾನ್ಸಿನ ಕುಲೋಂ 1785ರಲ್ಲಿ ಅಳೆದ. ಅದರ ಮೇಲೆ ಕಟ್ಟಿದ ಮಾನ ಹೀಗೆ: ಒಂದೇ ಸಮನಾದ ಎರಡು ಆವೇಶಗಳನ್ನು ಒಂದು ಸೆಂಟಿಮೀಟರು ದೂರದಲ್ಲಿ ಇಡಿ. ಅವು ಒಂದು ಡೈನ್ ಬಲದಿಂದ, ಅಂದರೆ ಹೆಚ್ಚುಕಡಿಮೆ ಒಂದು ಮಿಲಿಗ್ರಾಮಿನ ಭಾರದಷ್ಟು ಬಲದಿಂದ ತಳ್ಳಿಕೊಂಡರೆ, ಪ್ರತಿಯೊಂದೂ ಒಂದು ಮಾನದ ಆವೇಶ. ಸೆಕೆಂಡಿಗೆ ಅಂಥ ಒಂದು ಆವೇಶ ತಂತಿಯಲ್ಲಿ ಹಾದುಹೋದರೆ ಅದು ಒಂದು ಮಾನದ ಪ್ರವಾಹ. ಹಳೆಯ ಪುಸ್ತಕಗಳಲ್ಲಿ ಇದಕ್ಕೆ ಇ.ಎಸ್.ಯು. ಎಂದು ಹೆಸರು. ಮುಂದೆ ಇದನ್ನು ಸ್ಟ್ಯಾಟ್‌ಆಂಪಿಯರ್ ಎಂದರು.

ಎರಡನೆಯದು ಹರಿಯುವ ವಿದ್ಯುತ್ತು. 1820ರಲ್ಲಿ ಡೆನ್ಮಾರ್ಕಿನ ಅರ್ಸ್ಟೆಡ್, ಕರೆಂಟು ಹರಿಯುವ ತಂತಿಯ ಹತ್ತಿರ ದಿಕ್ಸೂಚಿ ವಾಲುವುದನ್ನು ಕಂಡ. ಸುದ್ದಿ ಕೇಳಿದ ಕೆಲವೇ ವಾರಗಳಲ್ಲಿ ಫ್ರಾನ್ಸಿನ ಆಂಪಿಯರ್, ಎರಡು ತಂತಿಗಳೇ ಒಂದನ್ನೊಂದು ಸೆಳೆಯುತ್ತವೆಂದು ತೋರಿಸಿದ. ಇದರ ಮೇಲೆ ಕಟ್ಟಿದ ಮಾನ ಬೇರೆಯದು. ಒಂದು ಸೆಂಟಿಮೀಟರು ದೂರದಲ್ಲಿ ಸಮಾನಾಂತರವಾಗಿರುವ ಎರಡು ಉದ್ದ ತಂತಿಗಳಲ್ಲಿ ಸಮನಾದ ಕರೆಂಟು ಹರಿಸಿ. ಪ್ರತಿ ಸೆಂಟಿಮೀಟರಿಗೆ ಎರಡು ಡೈನ್ ಸೆಳೆತ ಬಂದರೆ ಅದು ಒಂದು ಮಾನ. ಇದು ಇ.ಎಂ.ಯು., ಆಮೇಲಿನ ಹೆಸರು ಆಬ್‌ಆಂಪಿಯರ್. ಬಯೋ ಎಂದೂ ಕರೆಯುವುದುಂಟು. ಎರಡೂ ಪದ್ಧತಿಗಳಲ್ಲಿ ಸೆಂಟಿಮೀಟರು, ಗ್ರಾಮು, ಸೆಕೆಂಡು ಅವೇ. ಮಣಕ್ಕೆ ನಲವತ್ತೇ ಶೇರು! ಆದರೆ ತಕ್ಕಡಿ ಬೇರೆ.

ಮುತ್ಯಾನ ಗ್ಯಾಲ್ವನೋಮೀಟರು ಎರಡನೆಯ ಬಾಗಿಲಿನದು. ಅದು ಕಾಂತಸೂಜಿಯ ಭಾಷೆ ಮಾತಾಡುತ್ತದೆ. ಸೆಂಟಿಮೀಟರಿನಲ್ಲಿ ತ್ರಿಜ್ಯ, ಹಳೆಯ ಕಾಂತಮಾನದಲ್ಲಿ ಭೂಮಿಯ ಬಲ ಹಾಕಿದರೆ ಹೊರಬೀಳುವ ಉತ್ತರ ಆಬ್‌ಆಂಪಿಯರಿನಲ್ಲಿ. ಅದನ್ನು ನಾವು ಬಳಸುವ ಆಂಪಿಯರಿಗೆ ತರಬೇಕಾದರೆ ಹತ್ತರಿಂದ ಗುಣಿಸಬೇಕು, ಏಕೆಂದರೆ ಒಂದು ಆಬ್‌ಆಂಪಿಯರ್ ಎಂದರೆ 10 ಆಂಪಿಯರ್. 0.0097 ಆಬ್‌ಆಂಪಿಯರ್ ಅಂದರೆ 0.097 ಆಂಪಿಯರ್. ಇಲ್ಲಿಗೆ ಕೆಂಪು ಮಸಿಯ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿತು. ಹತ್ತೇ ಯಾಕೆ, ಹನ್ನೆರಡು ಯಾಕಲ್ಲ ಎಂಬುದು ಉಳಿದ ಅರ್ಧ. ಅದಕ್ಕೆ ಮೊದಲು ಇ.ಎಸ್.ಯು. ಕಡೆ ಒಮ್ಮೆ ನೋಡಲೇಬೇಕು, ಅಲ್ಲಿ ಇದಕ್ಕಿಂತ ದೊಡ್ಡ ಬೆರಗು ಇದೆ.

ಒಂದು ಆಬ್‌ಆಂಪಿಯರಿಗೆ ಎಷ್ಟು ಸ್ಟ್ಯಾಟ್‌ಆಂಪಿಯರ್? ಹತ್ತಲ್ಲ, ನೂರಲ್ಲ. 2,998 ಕೋಟಿ! ಒಂದು ಆಂಪಿಯರಿಗೆ ಸುಮಾರು 300 ಕೋಟಿ. ಕೃಷ್ಣೆಯ ದಂಡೆಯ 5 ಎಚ್.ಪಿ. ಮೋಟಾರು ಪ್ರತಿ ಫೇಸಿನಲ್ಲಿ ಸುಮಾರು 7 ಆಂಪಿಯರ್ ಎಳೆಯುತ್ತದೆ. ಆ ಪಂಪಿನ ಸ್ಟಾರ್ಟರಿನ ಮೇಲೆ ಇ.ಎಂ.ಯು.ನಲ್ಲಿ ಬರೆದರೆ 0.7, ಇ.ಎಸ್.ಯು.ನಲ್ಲಿ ಬರೆದರೆ 2,100 ಕೋಟಿ. ನಮ್ಮ ಲೈನ್‌ಮನ್ ಇದನ್ನು ನೋಡಿದರೆ ಕಂಬದಿಂದ ಇಳಿದು ಮನೆಗೆ ಹೋಗುತ್ತಾನೆ.

ಆದರೆ ಈ 2,998 ಕೋಟಿ ಬರೀ ದೊಡ್ಡ ಸಂಖ್ಯೆಯಲ್ಲ. ಎರಡು ಮಾನಗಳ ವ್ಯಾಖ್ಯೆಗಳನ್ನು ಕೂಡಿಸಿ ನೋಡಿದಾಗ, ಅವುಗಳ ನಡುವಿನ ಪ್ರಮಾಣ ಬರೀ ಅಂಕಿಯಾಗಿ ಉಳಿಯುವುದಿಲ್ಲ. ಅದು ವೇಗವಾಗಿ ಹೊರಬೀಳುತ್ತದೆ, ಸೆಕೆಂಡಿಗೆ ಇಷ್ಟು ಸೆಂಟಿಮೀಟರು ಎಂದು. ಸ್ಥೂಲವಾಗಿ ಹೀಗೆ ಊಹಿಸಿ: ಎರಡು ಆವೇಶಗಳು ಪಕ್ಕಪಕ್ಕದಲ್ಲಿ ಓಡುತ್ತಿವೆ. ಆವೇಶಗಳೆಂಬ ಕಾರಣಕ್ಕೆ ಅವು ಒಂದನ್ನೊಂದು ತಳ್ಳುತ್ತವೆ. ಓಡುವ ಆವೇಶ ಎಂದರೆ ಕರೆಂಟೇ ಆದ್ದರಿಂದ, ಕಾಂತಬಲದಿಂದ ಸೆಳೆಯುತ್ತವೆ ಕೂಡ. ಓಟ ಹೆಚ್ಚಿದಂತೆ ಸೆಳೆತ ಹೆಚ್ಚುತ್ತದೆ. ಯಾವ ವೇಗದಲ್ಲಿ ಸೆಳೆತವೂ ತಳ್ಳಾಟವೂ ಸರಿಸಮ ಆಗಬೇಕೋ, ಆ ವೇಗವೇ ಎರಡು ಮಾನಗಳ ನಡುವಿನ ಪ್ರಮಾಣ.

ಅದನ್ನು ಅಳೆಯಲು 1856ರಲ್ಲಿ ಜರ್ಮನಿಯ ವಿಲ್‌ಹೆಲ್ಮ್ ವೆಬರ್ ಮತ್ತು ರುಡಾಲ್ಫ್ ಕೋಲ್‌ರೌಶ್ ಒಂದು ಪ್ರಯೋಗ ಮಾಡಿದರು. ಲೈಡನ್ ಜಾಡಿಯಲ್ಲಿ ಆವೇಶ ತುಂಬಿ, ಮೊದಲು ಅದನ್ನು ತಳ್ಳುವ ಬಲದಿಂದ ಅಳೆದರು. ಆಮೇಲೆ ಅದೇ ಆವೇಶವನ್ನು ಗ್ಯಾಲ್ವನೋಮೀಟರಿನ ಮೂಲಕ ಖಾಲಿ ಮಾಡಿ ಸೂಜಿ ಎಷ್ಟು ಜಿಗಿಯಿತೆಂದು ನೋಡಿದರು. ಒಂದೇ ಚೀಲವನ್ನು ಎರಡು ತಕ್ಕಡಿಗೆ ಹಾಕಿದ ಹಾಗೆ. ಇಂದಿನ ರೀತಿಯಲ್ಲಿ ಹೇಳಿದರೆ ಅವರ ಉತ್ತರ ಸೆಕೆಂಡಿಗೆ 3,10,740 ಕಿಲೋಮೀಟರು. ಆದರೆ ವೆಬರನ ಕಾಗದದ ಮೇಲೆ ಇದ್ದದ್ದು ಈ ಸಂಖ್ಯೆಯಲ್ಲ. ಅವನು ಕರೆಂಟಿನ ಮಾನವನ್ನು ಇನ್ನೊಂದು ರೀತಿಯಲ್ಲಿ ಹಿಡಿದಿದ್ದ. ಅದರಿಂದ ಅವನ ಸಂಖ್ಯೆ ಇದರ 1.414 ಪಟ್ಟು ದೊಡ್ಡದಾಗಿ, 4,39,450 ಕಿಲೋಮೀಟರು ಆಗಿತ್ತು. ಪ್ರಪಂಚದ ಒಂದು ದೊಡ್ಡ ರಹಸ್ಯ ಎರಡರ ವರ್ಗಮೂಲದ ಮುಸುಕು ಹಾಕಿಕೊಂಡು ಅವನ ಮೇಜಿನ ಮೇಲೇ ಕುಳಿತಿತ್ತು. ಮುತ್ಯಾ ಹತ್ತು ಬಿಟ್ಟದ್ದಕ್ಕೆ ನನಗೆ ಸಮಾಧಾನವಾದದ್ದು ಈ ಜಾಗದಲ್ಲಿ.

ಮುಸುಕು ತೆಗೆದು ನೋಡಿದವರಲ್ಲಿ ಮೊದಲಿಗ ಕಿರ್ಕಾಫ್. 1857ರಲ್ಲಿ ತಂತಿಯಲ್ಲಿ ಓಡುವ ವಿದ್ಯುತ್ ಸಂಕೇತದ ವೇಗ ಲೆಕ್ಕ ಹಾಕುವಾಗ, ಅದು ಬೆಳಕಿನ ವೇಗಕ್ಕೆ ಹತ್ತಿರ ಇರುವುದನ್ನು ಅವನು ಗುರುತಿಸಿದ. ಆದರೆ ಅದರ ಪೂರ್ತಿ ಅರ್ಥ ತೆಗೆದವನು ಸ್ಕಾಟ್ಲೆಂಡಿನ ಮ್ಯಾಕ್ಸ್‌ವೆಲ್. 1861ರ ಬೇಸಿಗೆ ರಜೆಯಲ್ಲಿ ಗ್ಲೆನ್‌ಲೇರ್ ಎಂಬ ತನ್ನ ಹಳ್ಳಿಯ ಮನೆಯಲ್ಲಿ ಕುಳಿತು, ವಿದ್ಯುತ್–ಕಾಂತ ಅಲೆಗಳು ಎಷ್ಟು ವೇಗವಾಗಿ ಸಾಗಬೇಕೆಂದು ಗಣಿತ ಬಿಡಿಸಿದ. ವೇಗ ಸಿಗಬೇಕಾದರೆ ವೆಬರ್–ಕೋಲ್‌ರೌಶರ ಸಂಖ್ಯೆ ಬೇಕು. ಹಳ್ಳಿಯಲ್ಲಿ ಪುಸ್ತಕವೆಲ್ಲಿ? ಲಂಡನ್ನಿಗೆ ಮರಳಿದ ಮೇಲೆ ತೆಗೆದು ನೋಡಿದ. ಇಲ್ಲಿ 3,10,740 ಕಿಲೋಮೀಟರು. ಫಿಜೋ ಹಲ್ಲಿನ ಚಕ್ರ ತಿರುಗಿಸಿ ಅಳೆದ ಬೆಳಕಿನ ವೇಗವೆಂದು ಅವನ ಮುಂದಿದ್ದದ್ದು 3,14,858. ಎರಡರ ಅಂತರ ನೂರಕ್ಕೆ ಒಂದೂವರೆಗಿಂತ ಕಡಿಮೆ. ಬೆಳಕು ಎಂದರೆ ವಿದ್ಯುತ್ತು ಮತ್ತು ಕಾಂತಗಳ ಅಲೆಯೇ ಎಂಬ ನಿರ್ಣಯಕ್ಕೆ ಅವನು ಬಂದದ್ದು ಹೀಗೆ. ಜಾಡಿ, ತಂತಿ, ಸೂಜಿ ಇಟ್ಟುಕೊಂಡು ಮಾಡಿದ ಪ್ರಯೋಗದಲ್ಲಿ ಎಲ್ಲೂ ದೀಪವಿರಲಿಲ್ಲ. ಶೇರನ್ನು ಕಿಲೋಗೆ ಬದಲಿಸುವ ಕೋಷ್ಟಕದಂಥ ಒಂದು ಕೋಷ್ಟಕದೊಳಗೆ ಬೆಳಕು ಅಡಗಿ ಕುಳಿತಿತ್ತು.

ಇಂದು ಬೆಳಕಿನ ವೇಗ ಸೆಕೆಂಡಿಗೆ 29,97,92,458 ಮೀಟರು ಎಂದು ನಿಗದಿಯಾಗಿದೆ. ಸೆಂಟಿಮೀಟರಿನಲ್ಲಿ ಅದಕ್ಕೆ ಎರಡು ಸೊನ್ನೆ ಸೇರಿಸಿ, ಅದೇ ನಮ್ಮ 2,998 ಕೋಟಿ. ಆಂಪಿಯರಿನಿಂದ ಇ.ಎಸ್.ಯು.ಗೆ ಹೋಗುವಾಗ 2,99,79,24,580 ಎಂದು ಗುಣಿಸುವ ವಿದ್ಯಾರ್ಥಿ, ಗೊತ್ತಿದ್ದೋ ಗೊತ್ತಿಲ್ಲದೆಯೋ, ಬೆಳಕಿನ ವೇಗದಿಂದಲೇ ಗುಣಿಸುತ್ತಿದ್ದಾನೆ.

ಈಗ ಉಳಿದ ಅರ್ಧಕ್ಕೆ ಬರೋಣ. ಆಂಪಿಯರ್ ಯಾಕೆ ಆಬ್‌ಆಂಪಿಯರಿನ ಹತ್ತನೇ ಒಂದು ಪಾಲು? ಇದರ ಉತ್ತರ ಪ್ರಯೋಗಶಾಲೆಯಲ್ಲಿಲ್ಲ, ಸಮುದ್ರದ ತಳದಲ್ಲಿದೆ.

1858ರ ಆಗಸ್ಟಿನಲ್ಲಿ ಅಟ್ಲಾಂಟಿಕ್ ಸಾಗರದ ತಳದಲ್ಲಿ ಮೊದಲ ತಂತಿ ಹಾಕಿದರು. ವಿಕ್ಟೋರಿಯಾ ರಾಣಿಯ ನೂರು ಶಬ್ದಗಳೊಳಗಿನ ಸಂದೇಶ ಆಚೆ ದಡ ಮುಟ್ಟಲು ಸುಮಾರು 16 ಗಂಟೆ ಹಿಡಿಯಿತು. ಸಂಕೇತ ಕ್ಷೀಣವಾಯಿತೆಂದು ಒತ್ತಡ ಏರಿಸಿದರು. ತಿಂಗಳು ತುಂಬುವುದರೊಳಗೆ ತಂತಿ ಸತ್ತಿತು. 1859–60ರಲ್ಲಿ ಸೂಯೆಜ್‌ನಿಂದ ಏಡನ್ ಮಾರ್ಗವಾಗಿ ಕರಾಚಿಗೆ, ಅಂದರೆ ಆಗಿನ ಮುಂಬಯಿ ಪ್ರಾಂತಕ್ಕೆ, ಕೆಂಪು ಸಮುದ್ರದಲ್ಲಿ ಇನ್ನೊಂದು ತಂತಿ ಹಾಕಿದರು. ಪೂರ್ತಿ ಮಾರ್ಗ ನೆಟ್ಟಗೆ ಕೆಲಸ ಮಾಡಲೇ ಇಲ್ಲ. ಬ್ರಿಟಿಷ್ ಸರಕಾರ ಆ ಕಂಪನಿಗೆ ಲಾಭದ ಖಾತ್ರಿ ಕೊಟ್ಟಿತ್ತು. ಸತ್ತ ತಂತಿಗೆ ಬೊಕ್ಕಸದಿಂದ ವರ್ಷವರ್ಷವೂ ಹಣ ಹೋಯಿತು. ವಿಚಾರಣೆ ನಡೆದಾಗ ಎದ್ದುಕಂಡದ್ದು ಇದು: ಈ ತಂತಿಯ ರೋಧ ಎಷ್ಟು, ಎಷ್ಟು ಒತ್ತಡ ತಡೆಯಬಲ್ಲದು, ಎಷ್ಟು ಕರೆಂಟು ಹರಿಯಿತು ಎಂದು ಎಲ್ಲರೂ ಒಪ್ಪುವ ಸಂಖ್ಯೆಯಲ್ಲಿ ಹೇಳುವ ಭಾಷೆಯೇ ಇರಲಿಲ್ಲ. ಒಬ್ಬ ಎಂಜಿನಿಯರು ಒಂದು ಮೈಲಿ ತಾಮ್ರದ ತಂತಿಯನ್ನು ಮಾನ ಮಾಡಿಕೊಂಡಿದ್ದ, ಇನ್ನೊಬ್ಬ ಕಬ್ಬಿಣದ ತಂತಿಯನ್ನು. ಜರ್ಮನಿಯ ಸೀಮೆನ್ಸ್‌ರ ಮಾನ ಒಂದು ಮೀಟರು ಉದ್ದದ ಪಾದರಸದ ಕಂಬ.

1861ರಲ್ಲಿ ಮ್ಯಾಂಚೆಸ್ಟರಿನಲ್ಲಿ ನೆರೆದ ಬ್ರಿಟಿಷ್ ಅಸೋಸಿಯೇಷನ್ ಇದಕ್ಕಾಗಿ ಒಂದು ಸಮಿತಿ ಮಾಡಿತು. ಹಿಂದೆ ನಿಂತು ಒತ್ತಾಯಿಸಿದವನು ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಆದವನು. ಮ್ಯಾಕ್ಸ್‌ವೆಲ್ಲನೂ ಸಮಿತಿಯನ್ನು ಸೇರಿಕೊಂಡ. ವಿಜ್ಞಾನಿಗಳಿಗೆ ಸೆಂಟಿಮೀಟರು–ಗ್ರಾಮು–ಸೆಕೆಂಡಿನಿಂದ ನೇರವಾಗಿ ಬಂದ ಶುದ್ಧ ಮಾನ ಬೇಕು. ತಂತಿ ಎಂಜಿನಿಯರರಿಗೆ ಕೈಗೆ ಹತ್ತುವ ಮಾನ ಬೇಕು. ಶುದ್ಧ ಮಾನದಲ್ಲಿ ಒತ್ತಡದ ಅಳತೆ ತೀರ ಸಣ್ಣದು, ಒಂದು ಸಾಮಾನ್ಯ ಬ್ಯಾಟರಿಗೆ ಹತ್ತು ಕೋಟಿ ಮಾನ! ರೋಧವೂ ಹಾಗೆಯೇ. ಆದ್ದರಿಂದ ಒಪ್ಪಂದವಾಯಿತು. ತಂತಿ ಕಚೇರಿಗಳಲ್ಲಿ ಬಳಸುತ್ತಿದ್ದ ಡೇನಿಯಲ್ ಕೋಶಕ್ಕೆ ಹತ್ತಿರ ಬರುವ ಹಾಗೆ ಶುದ್ಧ ಮಾನದ ಹತ್ತು ಕೋಟಿ ಪಟ್ಟನ್ನು ವೋಲ್ಟ್ ಎಂದರು. ಸೀಮೆನ್ಸ್‌ರ ಪಾದರಸದ ಕಂಬಕ್ಕೆ ಹತ್ತಿರ ಬರುವ ಹಾಗೆ ಶುದ್ಧ ಮಾನದ ನೂರು ಕೋಟಿ ಪಟ್ಟನ್ನು ಓಮ್ ಎಂದರು.

ಇಲ್ಲಿ ಸ್ವಲ್ಪ ನಿಲ್ಲಿ. ವೋಲ್ಟನ್ನು ಓಮಿನಿಂದ ಭಾಗಿಸಿದರೆ ಕರೆಂಟು, ಇದು ಹೈಸ್ಕೂಲಿನಲ್ಲೇ ಕಲಿತ ನಿಯಮ. ಹತ್ತು ಕೋಟಿಯನ್ನು ನೂರು ಕೋಟಿಯಿಂದ ಭಾಗಿಸಿ. ಹತ್ತನೇ ಒಂದು! ಮುತ್ಯಾ ಕೇಳಿದ ಹತ್ತು ಇದೇ. ಆ ಹತ್ತನ್ನು ಯಾರೂ ಬೇಕೆಂದು ಆರಿಸಲಿಲ್ಲ. ಒಂದು ಬ್ಯಾಟರಿಯನ್ನೂ ಒಂದು ಪಾದರಸದ ಕಂಬವನ್ನೂ ಮೆಚ್ಚಿಸಲು ಹೋದಾಗ ನಡುವೆ ಉಳಿದುಕೊಂಡ ಚಿಲ್ಲರೆ ಅದು. ನಿಸರ್ಗದಲ್ಲಿ ಆ ಹತ್ತು ಎಲ್ಲೂ ಇಲ್ಲ. ಆದ್ದರಿಂದಲೇ ಸೂಜಿಯನ್ನೂ ಸುರುಳಿಯನ್ನೂ ಎಷ್ಟು ಹೊತ್ತು ನೋಡಿದರೂ ಮುತ್ಯಾನಿಗೆ ಅದು ಕಾಣಲಿಲ್ಲ.

ಹೆಸರಿನ ಗದ್ದಲ ಇನ್ನೊಂದು. ಇಂಗ್ಲೆಂಡಿನಲ್ಲಿ ಕರೆಂಟಿನ ಈ ಮಾನವನ್ನು ಮೊದಲು ವೆಬರ್ ಎಂದು ಕರೆಯುತ್ತಿದ್ದರು. ಜರ್ಮನಿಯಲ್ಲಿ ವೆಬರನ ಮಾನವೆಂದರೆ ಮಿಲಿಮೀಟರು–ಮಿಲಿಗ್ರಾಮಿನ ಲೆಕ್ಕದ್ದು, ಅದು ಇಂಗ್ಲಿಷ್ ವೆಬರಿನ ಹತ್ತನೇ ಒಂದು ಪಾಲು. ಮುಂಬಯಿ ಮಣ, ಬಂಗಾಳದ ಮಣ! 1881ರಲ್ಲಿ ಪ್ಯಾರಿಸ್ಸಿನಲ್ಲಿ ಅಂತರರಾಷ್ಟ್ರೀಯ ವಿದ್ಯುತ್ ಸಮ್ಮೇಳನ ಸೇರಿದಾಗ ಆ ಹೆಸರನ್ನು ಬಿಟ್ಟು, 1836ರಲ್ಲೇ ತೀರಿಹೋಗಿದ್ದ ಆಂಪಿಯರನ ಹೆಸರನ್ನು ಇಟ್ಟರು.

ನಮ್ಮ ಪಕ್ಕದ ಗೋಕಾಕ ಜಲಪಾತದಲ್ಲಿ ಘಟಪ್ರಭೆಯ ನೀರಿನ ಬಲದಿಂದ ಗಿರಣಿ ತಿರುಗಿದ್ದು 1887ರಲ್ಲಿ. ವಿದ್ಯುತ್ತೂ ಅದೇ ವರ್ಷ ಅಲ್ಲಿ ಹುಟ್ಟಿತೆಂದು ನಮ್ಮ ಭಾಗದವರು ಹೆಮ್ಮೆಯಿಂದ ಹೇಳುತ್ತಾರೆ. ಆಗ ಆಂಪಿಯರ್ ಎಂಬ ಹೆಸರಿಗೆ ಆರೇ ವರ್ಷ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 147 ಕಿಲೋಮೀಟರು ತಂತಿ ಎಳೆದಾಗ ಅದಕ್ಕೆ ಇನ್ನೂ ಮೀಸೆ ಚಿಗುರುವ ವಯಸ್ಸು. ನಾವು ವಿದ್ಯುತ್ತಿಗೆ ತಡವಾಗಿ ಬಂದವರಲ್ಲ. ಅದರ ಲೆಕ್ಕದ ಚರ್ಚೆಯಲ್ಲಿ ಮಾತ್ರ ನಮ್ಮನ್ನು ಯಾರೂ ಕೂಡಿಸಿಕೊಳ್ಳಲಿಲ್ಲ.

ಮಾನ ಬದಲಿಸುವ ಲೆಕ್ಕ ಸರಿಯೋ ತಪ್ಪೋ ಎಂದು ನೋಡುವ ಒಂದು ಉಪಾಯ ಹೇಳಿ ಮುಂದೆ ಹೋಗುತ್ತೇನೆ. ಗುರುಗಳು ತಪ್ಪಿದ್ದರೆ ತಿದ್ದಬೇಕು. ನೀರು ಕಾಯಿಸುವ 1000 ವ್ಯಾಟಿನ ಹೀಟರು ತೆಗೆದುಕೊಳ್ಳಿ. ಲೆಕ್ಕ ಸುಲಭವಾಗಲೆಂದು ಒತ್ತಡ 250 ವೋಲ್ಟ್ ಎನ್ನೋಣ. ಕರೆಂಟು 4 ಆಂಪಿಯರ್. ಇ.ಎಂ.ಯು.ನಲ್ಲಿ ಕರೆಂಟು 0.4, ಒತ್ತಡ 2,500 ಕೋಟಿ, ಗುಣಿಸಿದರೆ ಸೆಕೆಂಡಿಗೆ 1,000 ಕೋಟಿ ಎರ್ಗ್. ಇ.ಎಸ್.ಯು.ನಲ್ಲಿ ಕರೆಂಟು ಸುಮಾರು 1,199 ಕೋಟಿ, ಒತ್ತಡ 0.834, ಗುಣಿಸಿದರೆ ಅದೇ 1,000 ಕೋಟಿ ಎರ್ಗ್. ಒಂದು ವ್ಯಾಟಿಗೆ ಒಂದು ಕೋಟಿ ಎರ್ಗ್ ಆದ್ದರಿಂದ ಮತ್ತೆ 1000 ವ್ಯಾಟ್. ಒಂದು ಪದ್ಧತಿಯಲ್ಲಿ ಕರೆಂಟು ಉಬ್ಬಿದರೆ ಒತ್ತಡ ಅಷ್ಟೇ ಕುಗ್ಗುತ್ತದೆ. ಯಾವ ಮಾನದಲ್ಲಿ ಬರೆದರೂ ಹಂಡೆಯ ನೀರು ಅಷ್ಟೇ ಹೊತ್ತಿನಲ್ಲಿ ಕಾಯಬೇಕಲ್ಲ! ಹತ್ತು ಎಲ್ಲಾದರೂ ಬಿಟ್ಟುಹೋಗಿದ್ದರೆ ಇಲ್ಲಿ ಸಿಕ್ಕಿಬೀಳುತ್ತದೆ.

ಆಮೇಲಿನ ಕಥೆ ಚಿಕ್ಕದು. ಸಮ್ಮೇಳನದಲ್ಲಿ ಕುಳಿತು ವ್ಯಾಖ್ಯೆ ಬರೆಯುವುದು ಸುಲಭ, ಅಂಗಡಿಗೆ ತೂಕದ ಕಲ್ಲು ಬೇಕು. 1893ರಲ್ಲಿ ಶಿಕಾಗೋ ಸಮ್ಮೇಳನ ಬೆಳ್ಳಿಯನ್ನು ಆ ಕಲ್ಲು ಮಾಡಿತು. ಬೆಳ್ಳಿಯ ದ್ರಾವಣದಲ್ಲಿ ಸೆಕೆಂಡಿಗೆ 1.118 ಮಿಲಿಗ್ರಾಂ ಬೆಳ್ಳಿ ಕೂಡಿಸುವ ಕರೆಂಟು ಒಂದು ಆಂಪಿಯರ್ ಎಂದು ನಿರ್ಣಯವಾಯಿತು. ಒಂದು ಗಂಟೆಗೆ ನಾಲ್ಕು ಗ್ರಾಮಿಗೆ ತುಸು ಹೆಚ್ಚು. ನಮ್ಮ ಗಡಿಯಾಚೆಯ ಹುಪರಿಯ ಬೆಳ್ಳಿ ಕೆಲಸದವರಿಗೆ ಇದು ಬೇಗ ಅರ್ಥವಾದೀತು. ಕೊನೆಗೆ ಬೆಳ್ಳಿಯ ಆಂಪಿಯರೂ ಶುದ್ಧ ಮಾನದ ಹತ್ತನೇ ಪಾಲೂ ಸರಿಯಾಗಿ ಒಂದೇ ಅಲ್ಲವೆಂದು ತಿಳಿಯಿತು, ಲಕ್ಷಕ್ಕೆ ಹದಿನೈದರಷ್ಟು ವ್ಯತ್ಯಾಸ. 1948ರ ಜನವರಿ 1ರಿಂದ ಬೆಳ್ಳಿ ಬಿಟ್ಟು ಮತ್ತೆ ತಂತಿಗಳ ಸೆಳೆತಕ್ಕೇ ಮರಳಿದರು. 1960ರಲ್ಲಿ ಎಸ್.ಐ. ಪದ್ಧತಿ ಬಂತು. ಅದರಲ್ಲಿ ಆಂಪಿಯರ್ ಮೂಲಮಾನಗಳಲ್ಲಿ ಒಂದು, ಆಬ್ ಮತ್ತು ಸ್ಟ್ಯಾಟ್‌ಗಳಿಗೆ ಜಾಗವಿಲ್ಲ. ಮುತ್ಯಾ ಪರೀಕ್ಷೆಗೆ ಕುಳಿತದ್ದು ಇದಾದ ಮೇಲೆಯೇ. ಆದರೆ ಪ್ಯಾರಿಸ್ಸಿನ ನಿರ್ಣಯ ಪಠ್ಯಪುಸ್ತಕಕ್ಕೆ ಇಳಿಯಲು ಸಮಯ ಹಿಡಿಯುತ್ತದೆ. ಒಂದು ಕಾಲು ಹಳೆಯ ಪದ್ಧತಿಯಲ್ಲಿ, ಒಂದು ಕಾಲು ಹೊಸದರಲ್ಲಿ ಇಟ್ಟುಕೊಂಡಿದ್ದ ಪುಸ್ತಕದ ಆ ಸೂತ್ರದಲ್ಲಿ ಎರಡು ಕಾಲುಗಳ ನಡುವಿನ ಸಂದೇ ಆ ಹತ್ತು.

2019ರ ಮೇ 20ರಿಂದ ತಂತಿಯ ಸೆಳೆತವೂ ಹೋಯಿತು. ಈಗ ಎಲೆಕ್ಟ್ರಾನಿನ ಆವೇಶಕ್ಕೆ ಒಂದು ನಿಶ್ಚಿತ ಬೆಲೆ ಕಟ್ಟಿ, ಅದರಿಂದ ಆಂಪಿಯರನ್ನು ಪಡೆಯುತ್ತಾರೆ. ಸೆಕೆಂಡಿಗೆ ಸುಮಾರು 62,415 ಕೋಟಿ ಕೋಟಿ ಎಲೆಕ್ಟ್ರಾನುಗಳು ಹಾದುಹೋದರೆ ಒಂದು ಆಂಪಿಯರ್. ಇದರಿಂದ ಒಂದು ತಮಾಷೆಯಾಗಿದೆ. ಹಳೆಯ ಆಬ್‌ಆಂಪಿಯರ್ ಈಗ ವ್ಯಾಖ್ಯೆಯ ಪ್ರಕಾರ 10 ಆಂಪಿಯರ್ ಅಲ್ಲ. ಅಳೆದು ನೋಡಬೇಕಾದ 10. ವ್ಯತ್ಯಾಸ ಇದ್ದರೂ ಸಾವಿರ ಕೋಟಿಯಲ್ಲಿ ಒಂದೆರಡು ಪಾಲಿನಷ್ಟು, ಫ್ಯೂಸ್ ಹಾಕುವವರು ಚಿಂತೆ ಮಾಡಬೇಕಾಗಿಲ್ಲ.

ಇಷ್ಟನ್ನೆಲ್ಲ ಹೊತ್ತುಕೊಂಡು ಹೋದ ಭಾನುವಾರ ಊರಿಗೆ ಹೋಗಿದ್ದೆ. ಮುತ್ಯಾ ಕಟ್ಟೆಯ ಮೇಲೆ ಕುಳಿತಿದ್ದರು. ಜರ್ನಲ್ ಮುಂದಿಟ್ಟು, ಎರಡು ಬಾಗಿಲಿನ ಕಥೆ, ಬ್ಯಾಟರಿ, ಪಾದರಸದ ಕಂಬ ಎಲ್ಲ ಹೇಳಿದೆ. ವೆಬರನ ಮುಸುಕಿನ ಮಾತು ಬಂದಾಗ ನಕ್ಕರು. ಹತ್ತು ಕೋಟಿಯನ್ನು ನೂರು ಕೋಟಿಯಿಂದ ಭಾಗಿಸಿ ತೋರಿಸಿದಾಗ ಮಾತ್ರ ಸ್ವಲ್ಪ ಹೊತ್ತು ಸುಮ್ಮನೆ ಕುಳಿತರು.

‘ಹಂಗಾದ್ರ ನಾ ಬರದದ್ದು ತಪ್ಪಲ್ಲೇನು?’

‘ತಪ್ಪಲ್ಲ ಮುತ್ಯಾ. 0.0097 ಖರೇನ. ಮುಂದ ಯಾವ ಮಾನ ಅಂತ ಬರದಿದ್ದಿಲ್ಲ ನೀ.’

‘ಅಂದ್ರ ಮಣ ಅಂತ ಬರದು, ಯಾವ ಊರಿನ ಮಣ ಅಂತ ಬರೀಲಿಲ್ಲ.’

ನಾನು ಅರ್ಧ ಗಂಟೆ ಹೇಳಿದ್ದನ್ನು ಅವರು ಒಂದು ಸಾಲಿನಲ್ಲಿ ಮುಗಿಸಿದರು. ಚಷ್ಮಾ ಹಾಕಿಕೊಂಡು, ನನ್ನ ಜೇಬಿನ ಪೆನ್ನು ತೆಗೆದುಕೊಂಡು, ಕೆಂಪು ಕಾಟಿನ ಪಕ್ಕದಲ್ಲಿ ನಡುಗುವ ಕೈಯಿಂದ ‘ಇ.ಎಂ.ಯು.’ ಎಂದು ಬರೆದರು. ಬರೆದ ಮೇಲೆ ಜರ್ನಲ್ ಮುಚ್ಚಿ ನನ್ನ ಕೈಗೆ ಕೊಟ್ಟರು.

‘ಇದನ್ನ ಟ್ರಂಕಿನ್ಯಾಗ ಇಟ್ಟು ಹೊಲದ ಕಡೆ ಹೋಗಿ ಬಾ ತಮ್ಮಾ. ತ್ರೀ ಫೇಸ್ ಬರೂ ಹೊತ್ತಾತು, ಮೋಟರ್ ಚಾಲೂ ಮಾಡು. ಮೊದಲ ಫ್ಯೂಸ್ ನೋಡು.’